ಒಳ್ಳೇದು ಮಿಲ್ಲಿಗೆ, ಕೆಟ್ಟದ್ದು ಕೋಳಿಗೆ

ಹೋದ್ಸಲ ಹುಣ್ಸೆಹಣ್ಣು ಮಡಗೋ ವಿಚಾರ ಬರ್ದಾಗ ಎಲ್ರೂ ಸೈ ಅಂದಿದ್ರಿ. ಈ ಸಲದ್ದು ಓದಿ ಒಂದಿಬ್ರಿಗೆ ಕ್ವಾಪ ಬತ್ತದೆ, ನಂಗೊತ್ತು. ಬರ್ಲಿ ಬುಡಿ. ಕ್ವಾಪ ಮಾಡ್ಕೊಂಡಾದ್ರೂ ಕೊನೆಗಂಟ ಓದಿ.

ಮೊನ್ನೆ ಭಾನ್ವಾರ ಒಂದು ಬೀಗರೂಟಕ್ಕೆ ಹೋಗಿದ್ದೋ. ಊಟ ಮುಗ್ಸಿ ಹೆಂಗಸ್ರೆಲ್ಲ ಎಲೆಅಡ್ಕೆ ಹಾಕ್ಕೊಂಡು ಚಪ್ಪರದಡೀಲಿ ಕೂತಿದ್ದಾಗ ಮಾತು ಕೋಳಿ ಕಡೆ ತಿರುಗ್ತು. ಈಗಿನ ಕೋಳಿಲಿ ರುಚಿ ಇಲ್ಲ, ಮೂಳೆ ಗಟ್ಟಿ ಇಲ್ಲ, ಫಾರಂನೋರು ಸೂಜಿ ಚುಚ್ಚಿ ಬೆಳುಸ್ತಾರೆ, ಇದೇ ಹಳೇ ರಾಗ. ಆಗ ನಮ್ಮ ಚಿಕ್ಕವ್ವ ಒಬ್ರು (ಹೆಸ್ರು ಹೇಳಲ್ಲ, ಅವ್ರೂ ಇದನ್ನ ಓದ್ತಾರೆ) ಎದೆ ಮೇಲೆ ಕೈ ಮಡಗಿ ಹೇಳುದ್ರು: "ನಮ್ಮಟ್ಟೀಲಿ ಒಂದು ಕಾಳೂ ದಂಡ ಆಗಲ್ಲ ಕಣವ್ವ. ಹುಳ ಬಿದ್ದದ್ದು, ಬೂಸ್ಟು ಬಂದದ್ದು, ಮುಗ್ಗಿದ್ದು, ಎಲ್ಲಾ ಕೋಳಿಗೆ. ಕೋಳಿ ಕಲ್ಲು ತಿಂದೂ ಅರಗುಸ್ಕೊಳ್ಳತ್ತೆ." ಸುತ್ತ ಇದ್ದೋರೆಲ್ಲ ಹೂಂ ಹೂಂ ಅಂತ ತಲೆ ಆಡುಸುದ್ರು. ಅದೇ ಚಿಕ್ಕವ್ವನ ಮನೇಲಿ ಹದಿನೈದು ದಿನದ ಹಿಂದೆ ಭತ್ತ ಮಿಲ್ಲಿಗೆ ಹೋಗಿತ್ತು. ತೌಡು ಎಲ್ಲಿ ಚಿಕ್ಕವ್ವ ಅಂದೆ. "ತೌಡು ನುಚ್ಚು ಮಿಲ್ನೋನಿಗೇ ಬುಟ್ಟೋ ಕಣೆ, ಕೂಲಿ ಈಸ್ಕೊಳ್ಳಲ್ಲ ಅಂದ" ಅಂದ್ರು.

ಅಲ್ಲಿ ಬಾಯಿ ಮುಚ್ಕೊಂಡು ಬಂದೆ, ಬೀಗರ ಮನೆ ಅಲ್ವಾ. ಆದ್ರೆ ಬಸ್ಸಲ್ಲಿ ಬರೋವಾಗೆಲ್ಲಾ ಅದೇ ತಲೇಲಿ ಕೊರೀತಿತ್ತು. ಏನು ಮಾಡ್ತಾ ಇದ್ದೀವಿ ನಾವು? ನಮ್ಮ ಬೆಳೇಲಿ ಅಕ್ಕಿ ಬುಟ್ರೆ ಎರಡ್ನೇ ಒಳ್ಳೇ ಪದಾರ್ಥ ತೌಡು. ಅದನ್ನ ಮಿಲ್ಲಿಗೆ ಬುಟ್ಟುಬತ್ತೀವಿ. ಮನೇಲಿ ವಿಷ ಆಗಿರೋದನ್ನ ಕೋಳಿಗೆ ಎರಚ್ತೀವಿ. ಆಮೇಲೆ ಆ ಕೋಳೀನೇ ಕುಯ್ದು ಮಕ್ಕಳಿಗೆ ಬಡುಸ್ತೀವಿ. ಒಂದಲ್ಲ, ಎರಡೂ ತಪ್ಪು. ಎರಡೂ ತಪ್ಪಿಗೆ ಒಂದೇ ಬೇರು. ಬೆಳೆಯಿಂದ ಮಿಕ್ಕಿದ್ದು ಅಂದ್ರೆ ನಮ್ಗೆ ಕಸ. ಕಸಕ್ಕೆ ಬೆಲೆ ಕಟ್ಟೋರು ಯಾರು, ಕಸಾನ ಆರಿಸಿ ನೋಡೋರು ಯಾರು?

ಮೊದ್ಲು ಬೂಸ್ಟಿನ ಮಾತಾಡ್ತೀನಿ. ಯಾಕಂದ್ರೆ ಅದ್ರಲ್ಲಿ ನಾನೇ ಕಳ್ಳಿ.

ಮಗಳು ಎರಡ್ನೇ ಬಸುರಿ ಆಗಿದ್ದಾಗ ಬಾಣಂತನಕ್ಕೆ ಆಗ್ತವೆ, ಮಿಕ್ಕಿದ್ದು ಮಾರಿಹಬ್ಬಕ್ಕೆ ಮಾರುದ್ರೆ ಆಸ್ಪತ್ರೆ ಖರ್ಚಿಗೂ ಆಗ್ತದೆ ಅಂತ 80 ಗಿರಿರಾಜ ಪಿಳ್ಳೆ ತಂದಿದ್ದೆ. ಚೀಟಿ ದುಡ್ಡು ಅದು, ಯಜಮಾನ್ರುನ್ನ ಕೇಳಿದ್ದಲ್ಲ. ಮೂರು ತಿಂಗಳ ಗಂಟ ಚೆನ್ನಾಗಿ ಬಂದ್ವು. ಆಗ ಮಳೆ ಹಿಡೀತು. ಗಾಣದಿಂದ ತಂದಿದ್ದ ಕಡ್ಲೆಕಾಯಿ ಹಿಂಡಿ ಮೂಟೇನ ಸಿಮೆಂಟು ನೆಲದ ಮೇಲೇ ಮಡಗಿದ್ದೆ, ಗೋಡೆಗೆ ಒರಗ್ಸಿ. ಒಂದಿನ ಕೈ ಹಾಕುದ್ರೆ ಒಳಗೆ ಬೆಚ್ಚಗದೆ, ಗಂಟುಗಂಟು, ಅಂಚಲ್ಲಿ ಹಳದಿ ಹಸ್ರು ಪುಡಿ. ಮುಗ್ಗಲು ವಾಸ್ನೆ. ನಂಗೆ ಗೊತ್ತಾಯ್ತು, ಇದು ಕೆಟ್ಟದೆ ಅಂತ. ಆದ್ರೂ ಏನ್ ಮಾಡ್ದೆ ಗೊತ್ತಾ? ಎರಡು ದಿನ ಬಿಸ್ಲಿಗೆ ಹರವಿ, ಕೈಲಿ ಉಜ್ಜಿ, ಜೋಳದ ಜತೆ ಬೆರ್ಸಿ ಕೋಳಿಗೇ ಹಾಕ್ದೆ. ಮೂವತ್ತು ಕೇಜಿ ಹಿಂಡಿ ಎಸೆಯಕ್ಕೆ ಮನ್ಸು ಬರ್ಲಿಲ್ಲ.

ಒಂದು ವಾರಕ್ಕೆ ಮೇವು ಬುಟ್ಟ್ವು. ರೆಕ್ಕೆ ಇಳಿಬುಟ್ಕೊಂಡು ಮೂಲೆಮೂಲೇಲಿ ಕೂತ್ಕೊಂಡ್ವು. ಕೊಕ್ಕರೆ ರೋಗ ಅಂದ್ಕೊಂಡೆ, ಆದ್ರೆ ಅದಕ್ಕೆ ಲಸಿಕೆ ಹಾಕ್ಸಿದ್ದೆ. ದಿನಕ್ಕೆ ನಾಕು, ಆರು, ಒಂದಿನ ಹನ್ನೊಂದು. ಪಶು ಆಸ್ಪತ್ರೆ ಡಾಕ್ಟ್ರು ಬಂದು ಸತ್ತಿದ್ದೊಂದನ್ನ ನನ್ನ ಮುಂದೇನೇ ಕುಯ್ದು ತೋರುಸುದ್ರು. ಈಲಿ ಕೆಂಪಗಿರ್ಬೇಕಲ್ವಾ? ಊದ್ಕೊಂಡು, ಹಳದಿ ತಿರ್ಗಿ, ಮುಟ್ಟುದ್ರೆ ಪುಡಿ ಆಗೋ ಹಂಗಿತ್ತು. "ಏನ್ ಮೇವು ಹಾಕ್ತಿದ್ದೀರಮ್ಮ?" ಅಂದ್ರು. ಮೂಟೆ ತಂದು ಮುಂದೆ ಮಡಗ್ದೆ. ಅವ್ರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

80ರಲ್ಲಿ 53 ಹೋದ್ವು. ಮಿಕ್ಕಿದ್ದುನ್ನ ಮಾರಕ್ಕೆ ನಂಗೆ ಮನ್ಸು ಬರ್ಲಿಲ್ಲ, ಬಾಣಂತಿಗಂತೂ ಅದ್ರ ಸಾರು ಇಕ್ಕಲಿಲ್ಲ. ಯಜಮಾನ್ರು ಹೇಳಿದ್ದು ಒಂದೇ ಮಾತು, "ಕೋಳಿ ಕೆಲ್ಸ ಹೆಂಗಸ್ರುದ್ದು, ನಾನೇನ್ ಹೇಳ್ಲಿ." ಆ ಮಾತು ಈಗ್ಲೂ ಚುಚ್ತದೆ.

ಡಾಕ್ಟ್ರು ಆವತ್ತು ಹೇಳಿದ್ದು, ಆಮೇಲೆ ನಾನು ಓದಿ ತಿಳ್ಕೊಂಡಿದ್ದು ಹೇಳ್ತೀನಿ. ಆ ಹಳದಿ ಹಸ್ರು ಬೂಸ್ಟು ಬುಡೋ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತಾರೆ. ಇದು ಪ್ರಪಂಚಕ್ಕೆ ಗೊತ್ತಾಗಿದ್ದೇ ಕೋಳಿಜಾತಿಯಿಂದ. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿ ಇದ್ದಕ್ಕಿದ್ದಂಗೆ ಸತ್ತ್ವು. ಏನು ರೋಗ ಅಂತ ಗೊತ್ತಾಗ್ದೆ ಬರೀ 'ಟರ್ಕಿ ಎಕ್ಸ್ ರೋಗ' ಅಂತ ಹೆಸರಿಟ್ರು. ಹುಡುಕ್ತಾ ಹೋದ್ರೆ ಸಿಕ್ಕಿದ್ದು ಬ್ರೆಜಿಲ್ ದೇಶದಿಂದ ಬಂದಿದ್ದ ಕಡ್ಲೆಕಾಯಿ ಹಿಂಡಿ. ನನ್ನ ಮೂಟೇಲಿ ಇದ್ದದ್ದೂ ಅದೇನೇ. ಓದಿದಾಗ ಮೈ ಜುಂ ಅಂತು. ನಾನು ಹುಟ್ಟೋದಕ್ಕೂ ಮೊದ್ಲೇ ಗೊತ್ತಿದ್ದ ವಿಚಾರ, ನಮ್ಮೂರ ಕೋಳಿ ಮಂಕ್ರಿ ತಾವ ಇನ್ನೂ ಬಂದಿಲ್ಲ.

ನೆನಪಿಟ್ಕೊಳ್ಳೋದು ಏನಪ್ಪ ಅಂದ್ರೆ, ಬಿಸ್ಲಿಗೆ ಹಾಕುದ್ರೆ ಬೂಸ್ಟು ಒಣಗ್ತದೆ, ವಿಷ ಹೋಗಲ್ಲ. ಕುದ್ಸುದ್ರೂ ಹೋಗಲ್ಲ, ಹುರುದ್ರೂ ಪೂರ್ತಿ ಹೋಗಲ್ಲ, ತೊಳೆದ್ರಂತೂ ಇಲ್ವೇ ಇಲ್ಲ. ಮೇಲ್ಗಡೆ ಬೂಸ್ಟು ಕೆರೆದು ಒಳಗಿಂದು ಹಾಕ್ತೀನಿ ಅನ್ನೋದೂ ಸುಳ್ಳು ಸಮಾಧಾನ. ಈ ವಿಷ ಮನುಷ್ಯರ ಈಲಿಗೂ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಕಡೆಯೋರೇ ಪಟ್ಟಿ ಮಾಡವ್ರೆ. ಕೋಳಿ ತಿಂದ ವಿಷದಲ್ಲಿ ಚೂರುಪಾರು ಉಳ್ಯೋದು ಮೊದ್ಲು ಅದ್ರ ಈಲೀಲೇ. ನಮ್ಮ ಕಡೆ ಈಲಿ ಯಾರಿಗೆ ಹಾಕ್ತೀವಿ? ಮನೇಲಿರೋ ಚಿಕ್ಕ ಮಗೀಗೆ, ಮೆತ್ತಗದೆ ತಿನ್ನಪ್ಪ ಅಂತ. ಚಿಕ್ಕವ್ವ, ಕೋಳಿ ಕಲ್ಲು ತಿಂದು ಅರಗುಸ್ಕೊಳ್ಳೋದು ನಿಜ, ಅದಕ್ಕೆ ಕಲ್ಲು ಬೇಕೂ ಬೇಕು. ವಿಷ ಅರಗುಸ್ಕೊಳ್ಳಲ್ಲ. ಕೋಳಿ ತಿಪ್ಪೆ ಕೆದಕ್ತದೆ ಅಂತ ಅದರ ಹೊಟ್ಟೇನೇ ತಿಪ್ಪೆ ಅಂದ್ಕೋಬಾರ್ದು.

"ನಮ್ಮತ್ತೆ ಕಾಲದಿಂದ ಹಾಕ್ತಾ ಇದ್ದೀವಿ, ಏನೂ ಆಗಿಲ್ಲ" ಅಂತೀರಿ. ಅತ್ತೆ ಕಾಲದಲ್ಲಿ ಕೋಳಿ ಹತ್ತು ಕಡೆ ಮೇಯ್ತಿತ್ತು. ಕಣದಲ್ಲಿ ಒಂದಷ್ಟು ಕಾಳು, ಗೊಬ್ಬರದಲ್ಲಿ ಹುಳ, ಬೇಲೀಲಿ ಸೊಪ್ಪು. ಅದ್ರ ಮಧ್ಯ ಒಂದು ಹಿಡಿ ಕೆಟ್ಟಿದ್ದು. ಬೇಡ ಅನ್ಸುದ್ರೆ ಬುಟ್ಟು ಹೋಗ್ತಿತ್ತು. ಈಗ ಜಾಲರಿ ಕಟ್ಟಿ ಐವತ್ತು ನೂರು ಕೂಡಾಕಿ, ಮಡಗಿದ್ದೇ ಮೇವು ಅಂತೀವಿ. ಬೇಡ ಅನ್ನೋ ಹಕ್ಕು ಅದಕ್ಕಿಲ್ಲ. ಅತ್ತೆ ಕಾಲದ ಪಿಳ್ಳೆ ಅರ್ಧಕ್ಕರ್ಧ ಸಾಯ್ತಿದ್ವು, ಅದನ್ನ ಯಾರೂ ಲೆಕ್ಕ ಇಡ್ಲಿಲ್ಲ, ಅಷ್ಟೇಯ.

ಈಗ ಮಿಲ್ಲಿನ ಮಾತು. ಇದೇ ನಂಗೆ ಹೆಚ್ಚು ಉರಿಯೋದು.

ನಮ್ಮ ತವರಲ್ಲಿ ಭತ್ತ ಕುಟ್ಟುಸ್ಕೊಂಡು ಬಂದ್ರೆ ಅಕ್ಕಿ ಗಂಡಸ್ರ ಲೆಕ್ಕ, ತೌಡು ನುಚ್ಚು ಅವ್ವನ ಲೆಕ್ಕ. ಅಕ್ಕಿ ಮೂಟೆ ಎಷ್ಟು, ಯಾರಿಗೆ ಕೊಡ್ಬೇಕು, ಎಷ್ಟಕ್ಕೆ ಮಾರ್ಬೇಕು ಅಂತ ಅಪ್ಪ ಹೇಳೋರು. ತೌಡಿನ ಡಬ್ಬದ ತಂಟೆಗೆ ಯಾರೂ ಬರ್ತಿರ್ಲಿಲ್ಲ. ತೌಡಿಂದ ಕೋಳಿ, ಕೋಳಿಯಿಂದ ಮೊಟ್ಟೆ, ಮೊಟ್ಟೆಯಿಂದ ನಮ್ಮ ಸ್ಕೂಲ್ ಪುಸ್ತಕ. ನಾನು ಪಿಯುಸಿಗಂಟ ಓದಿದ್ದು ಆ ದುಡ್ಡಲ್ಲೇ ಕಣ್ರವ್ವ. ಅವ್ವಂಗೆ ಬ್ಯಾಂಕ್ ಗೊತ್ತಿರ್ಲಿಲ್ಲ, ಕೋಳಿ ಮಂಕ್ರೀನೇ ಬ್ಯಾಂಕು.

ಈಗ 'ಕೂಲಿ ಬೇಡ, ತೌಡು ನುಚ್ಚು ಬುಟ್ಟೋಗಿ' ಅಂದಾಗ ಗಂಡಸ್ರು ಖುಷಿಯಾಗಿ ಬರ್ತಾರೆ, ಕೈಯಿಂದ ಕಾಸು ಹೋಗ್ಲಿಲ್ವಲ್ಲ ಅಂತ. ಲೆಕ್ಕ ಹಾಕಿ ನೋಡಿದ್ದೀರಾ? ನಾನು ಹಾಕ್ದೆ. ಒಂದು ಕ್ವಿಂಟಾಲ್ ಭತ್ತಕ್ಕೆ ಏಳೆಂಟು ಕೇಜಿ ತೌಡು ಬತ್ತದೆ, ನಾಕು ಕೇಜಿ ಆದ್ರೂ ನುಚ್ಚು. ನಮ್ಮ ಕಡೆ ಮೇವಿನಂಗ್ಡೀಲಿ ನಾನು ತೌಡು ತಂದಿದ್ದು ಕೇಜಿಗೆ 22 ರೂಪಾಯಿಗೆ, ನುಚ್ಚು 25ಕ್ಕೆ. ಎಂಟು ಕೇಜಿ ತೌಡು 176, ನಾಕು ಕೇಜಿ ನುಚ್ಚು 100, ಒಟ್ಟು 276 ರೂಪಾಯಿ. ಮಿಲ್ಲಿನ ಕೂಲಿ ಕ್ವಿಂಟಾಲಿಗೆ 150. ಅಂದ್ರೆ 'ಪುಕ್ಸಟ್ಟೆ' ಮಾಡ್ಸಿದ ಒಂದೊಂದು ಕ್ವಿಂಟಾಲಿಗೂ ನೂರಿಪ್ಪತ್ತಾರು ರೂಪಾಯಿ ಕೊಟ್ಟು ಬಂದಿದ್ದೀವಿ. ವರ್ಷಕ್ಕೆ ಹತ್ತು ಕ್ವಿಂಟಾಲ್ ಮಾಡ್ಸೋ ಮನೆಗೆ 1,260 ರೂಪಾಯಿ. ದೊಡ್ಡ ದುಡ್ಡಲ್ಲ ಅಂತೀರಿ. ಹೌದು, ದೊಡ್ಡ ದುಡ್ಡಲ್ಲ. ಆದ್ರೆ ಅದು ಯಾರ ದುಡ್ಡು? ಕೂಲಿ ಉಳೀತು ಅಂತ ಗಂಡನ ಜೇಬು ನಗ್ತದೆ, ತೌಡು ಹೋಯ್ತು ಅಂತ ಹೆಂಡ್ತಿ ಕೋಳಿ ಮೇವಿಗೆ ಸಾಲ ಮಾಡ್ತಾಳೆ.

ಆ ತೌಡು ಎಲ್ಲಿಗೆ ಹೋಗ್ತದೆ ಗೊತ್ತಾ? ಎಣ್ಣೆ ತೆಗೆಯೋ ಕಾರ್ಖಾನೆಗೆ. ಅಲ್ಲಿ ಅದ್ರ ಎಣ್ಣೆ ತೆಗೆದು 'ಹೃದಯಕ್ಕೆ ಒಳ್ಳೇದು' ಅಂತ ಪ್ಯಾಕೆಟ್ ಮಾಡ್ತಾರೆ, ನಾವೇ ಅಂಗ್ಡೀಲಿ ಕೊಂಡ್ಕೊಂಡು ಬತ್ತೀವಿ. ಎಣ್ಣೆ ತೆಗೆದು ಮಿಕ್ಕ ಒಣ ತೌಡು ಹಸು ಫೀಡು, ಕೋಳಿ ಫೀಡಿನ ಚೀಲಕ್ಕೆ ಹೋಗ್ತದೆ. ಅದನ್ನೂ ನಾವೇ ಕೊಂಡ್ಕೊಂಡು ಬತ್ತೀವಿ. ನಮ್ಮ ಗದ್ದೆ ತೌಡಿಗೆ ನಾವು ಎರಡು ಸಲ ಕಾಸು ಕೊಡ್ತೀವಿ. ಮೂರ್ನೇ ಸಲ ಕೊಡೋದು ಆ ಕೋಳಿ ಕೊಂಡಾಗ.

ನಮ್ಮ ಮೈದ್ನ ಇದ್ಕೆ ನಗ್ತಾನೆ. ಅವನದು ಕಂಪ್ನಿ ಕೋಳಿ ಶೆಡ್ಡು. ಪಿಳ್ಳೆ, ಫೀಡು, ಔಷ್ದಿ ಎಲ್ಲಾ ಕಂಪ್ನಿಯೋರುದ್ದು. ಶೆಡ್ಡು, ನೀರು, ಕರೆಂಟು, ಕೂಲಿ ಇವನದು. ಕೇಜಿಗೆ ಇಷ್ಟು ಅಂತ ಸಾಕಿದ್ದಕ್ಕೆ ಕೊಡ್ತಾರೆ. ಕೂಲಿ ಅಂದ್ನಲ್ಲ, ಅದು ನಮ್ಮ ಓರಗಿತ್ತಿ. ರಾತ್ರಿ ಎರಡು ಗಂಟೇಲಿ ಎದ್ದು ಕರೆಂಟು ಹೋಗಿದ್ಯಾ ಅಂತ ನೋಡೋಳು ಅವ್ಳೇ. ಮೈದ್ನ ಅಂತಾನೆ, "ಅತ್ಗೆ, ನಿಮ್ಮ ತೌಡು ಹಿಂಡಿ ಎಲ್ಲಾ ಹಳೇ ಕಾಲದ್ದು. ಕೋಳಿ 40 ದಿನಕ್ಕೆ ಎರಡು ಕೇಜಿ ಬರ್ಬೇಕು. ತೌಡಲ್ಲಿ ಬತ್ತದಾ?"

ಅವನು ಹೇಳೋದ್ರಲ್ಲಿ ಅರ್ಧ ನಿಜ, ಅದನ್ನ ಒಪ್ಕೊಂಡ್ಬುಡ್ತೀನಿ. ಬ್ರಾಯ್ಲರ್ ಪಿಳ್ಳೇನ ತಲೆತಲಾಂತರದಿಂದ ಆರಿಸಿ ಆರಿಸಿ ಬೇಗ ಬೆಳೆಯೋ ಹಂಗೆ ತಳಿ ಮಾಡವ್ರೆ. ಅದಕ್ಕೆ ಶುರುನಲ್ಲಿ ನೂರಕ್ಕೆ 22 ಪಾಲು ಪ್ರೋಟೀನು ಬೇಕು, ಶಕ್ತಿನೂ ಜಾಸ್ತಿ ಬೇಕು. ಅದಕ್ಕೆ ತೌಡು ಎರಚುದ್ರೆ ಕಾಲು ಸೊಟ್ಟ ಆಗಿ ಕೂತ್ಕೊಳ್ತದೆ. ಬ್ರಾಯ್ಲರ್ ಪಿಳ್ಳೆ ತಂದು ನಾಟಿ ಹಂಗೆ ಸಾಕ್ತೀನಿ ಅಂತ ಹೋಗಿ ಕೈ ಸುಟ್ಕೊಂಡೋರು ನಮ್ಮ ಬೀದೀಲೇ ಅವ್ರೆ. (ಹಂಗೇ, ಸೂಜಿ ಚುಚ್ಚಿ ಬೆಳುಸ್ತಾರೆ ಅನ್ನೋದನ್ನೂ ಇನ್ನಾದ್ರೂ ಬುಡಿ. ಸಾವಿರಾರು ಕೋಳಿಗೆ ದಿನಾ ಹಾರ್ಮೋನ್ ಸೂಜಿ ಚುಚ್ಚಕ್ಕೆ ಯಾವ ಮನೆ ಗಿಟ್ಟುತದೆ? ಬೆಳೆಯೋದು ತಳಿಯಿಂದ, ಮೇವಿಂದ. ಹೆದ್ರಬೇಕಾದ್ದು ಬೇರೆ ಇತ್ತು. ಮನುಷ್ಯರಿಗೆ ಕೊನೇಗೆ ಕೊಡೋ ಕೊಲಿಸ್ಟಿನ್ ಅನ್ನೋ ಔಷ್ದೀನ ಕೋಳಿ ಬೆಳೀಲಿ ಅಂತ ಮೇವಿಗೆ ಬೆರುಸ್ತಿದ್ರು. 2019ರಲ್ಲಿ ಸರ್ಕಾರ ಅದನ್ನ ಪ್ರಾಣಿಗಳಿಗೆ ಕೊಡಂಗಿಲ್ಲ ಅಂತ ನಿಲ್ಲುಸ್ತು. ವಾಟ್ಸಾಪಲ್ಲಿ ಹಾರ್ಮೋನ್ ಬತ್ತದೆ, ಇದು ಬರಲ್ಲ.)

ಆದ್ರೆ ಮೈದ್ನನ ಇನ್ನರ್ಧ ಸುಳ್ಳು. ಅವನ ಕಂಪ್ನಿ ಚೀಲದಲ್ಲಿ ಏನದೆ? ಮುಸುಕಿನ ಜೋಳ ಬುಟ್ರೆ ಮಿಕ್ಕಿದ್ದು ಬಹುಪಾಲು ಮಿಕ್ಕಿದ್ದೇ. ಸೋಯಾ ಹಿಂಡಿ ಅಂದ್ರೆ ಏನು? ಎಣ್ಣೆ ತೆಗೆದು ಮಿಕ್ಕಿದ ಸೋಯಾ ಅವರೆ. ಎಣ್ಣೆ ತೆಗೆದ ತೌಡು ಹೇಳ್ದೆ. ಈಗೀಗ ಜೋಳದಲ್ಲಿ, ನುಚ್ಚಲ್ಲಿ ಎಥನಾಲ್ ಮಾಡ್ತಾರಲ್ಲ, ಅದ್ರಲ್ಲಿ ಉಳಿಯೋ ಗಸಿ ಒಣಗ್ಸಿ ಅದನ್ನೂ ಹಾಕ್ತಾರೆ. ಜೋಳ ಎಲ್ಲಾ ಎಥನಾಲಿಗೆ ಹೋಗಿ 2024ರಲ್ಲಿ ಜೋಳ ಮಾರ್ತಿದ್ದ ನಮ್ಮ ದೇಶಾನೇ ಕೊಂಡ್ಕೊಳ್ಳೋ ಹಂಗಾಯ್ತು. 2021ರಲ್ಲಿ ಸೋಯಾ ಹಿಂಡಿ ಬೆಲೆ ಏರಿ ಕೋಳಿ ಸಾಕೋರು ಬಾಯಿ ಬಡ್ಕೊಂಡಾಗ ಸರ್ಕಾರ 12 ಲಕ್ಷ ಟನ್ನು ಹೊರದೇಶದಿಂದ ತರ್ಸಕ್ಕೆ ಒಪ್ಪುತ್ತು. ಅಂದ್ರೆ ಕಂಪ್ನಿಯೋರೂ 'ಕಸ'ದಲ್ಲೇ ಕೋಳಿ ಬೆಳ್ಸೋದು, ಹೊರದೇಶದ ಕಸಕ್ಕೂ ಕ್ಯೂ ನಿಲ್ಲೋದು. ನಮ್ಗೂ ಅವ್ರಿಗೂ ಇರೋ ವ್ಯತ್ಯಾಸ ಒಂದೇ. ಅವ್ರು ತೇವ ಅಳೀತಾರೆ, ವಿಷ ಪರೀಕ್ಷೆ ಮಾಡುಸ್ತಾರೆ, ಯಾವುದರಲ್ಲಿ ಏನು ಕಮ್ಮಿ ಅಂತ ನೋಡಿ ಸೇರುಸ್ತಾರೆ. ನಾವು ಸೆರಗಿಂದ ಎರಚ್ತೀವಿ.

ಎರಚೋದು ಬುಡಿ ಅನ್ನೋದೇ ನನ್ನ ವಾದ. ನಮ್ಮ ಗಿರಿರಾಜ, ಸ್ವರ್ಣಧಾರ, ನಾಟಿ ಕೋಳಿಗೆ 40 ದಿನದ ಅವಸರ ಇಲ್ಲ. ಗಿರಿರಾಜ ಮಾಡಿದ್ದೇ ಬೆಂಗ್ಳೂರು ಕೃಷಿ ವಿಶ್ವವಿದ್ಯಾಲಯದೋರು, ಹಿತ್ಲಲ್ಲಿ ಸಾಕೋರಿಗೆ ಅಂತ. ನಮ್ಮ ಮನೆ ಮಿಕ್ಕಿದ್ದು ಅದಕ್ಕೆ ಸರಿಹೋಗ್ತದೆ, ಆದ್ರೆ ಕಣ್ಬುಟ್ಟು ಹಾಕ್ಬೇಕು. ಹೆಂಗೆ ಅಂತ ಕೇಳ್ತೀರಿ, ಹೇಳ್ತೀನಿ.

ತೌಡಿಗೆ ಒಂದು ಚಾಳಿ ಅದೆ. ಮಿಲ್ಲಿಂದ ಬಂದ ಘಳಿಗೆಯಿಂದ್ಲೇ ಅದ್ರ ಎಣ್ಣೆ ಕೆಡಕ್ಕೆ ಶುರು ಆಗ್ತದೆ. ಒಂದೆರಡು ವಾರಕ್ಕೆ ಕಮಟು ವಾಸ್ನೆ, ಕಹಿ. ಕೋಳಿ ಮುಖ ತಿರುಗುಸ್ತದೆ. ಅದಕ್ಕೆ ಮಿಲ್ಲಿಂದ ತಂದ ದಿನಾನೇ ದಪ್ಪ ಬಾಣ್ಲೀಲಿ, ಸಣ್ಣ ಉರೀಲಿ, ಕೈ ಬುಡ್ದೆ ಬೆಚ್ಚಗೆ ಹುರ್ದು ಆರ್ಸಿ ಡಬ್ಬಕ್ಕೆ ಹಾಕಿ. ವಾಸ್ನೆ ಬದ್ಲಾಗೋಗಂಟ ಹುರುದ್ರೆ ಸಾಕು, ಕರೀಬಾರ್ದು. ಹಿಂಗೆ ಮಾಡುದ್ರೆ ಹೆಚ್ಚು ದಿನ ತಡೀತದೆ. ಕುಸುಬಲಕ್ಕಿ ತೌಡು ಮೊದ್ಲೇ ಬೆಂದಿರೋದ್ರಿಂದ ಅಷ್ಟು ಬೇಗ ಕೆಡಲ್ಲ. ಇನ್ನೊಂದು, ಹಳೇ ಹಲ್ಲರ್ ಮಿಲ್ಲಿನ ತೌಡಲ್ಲಿ ಭತ್ತದ ಹೊಟ್ಟು ಪುಡಿಯಾಗಿ ಬೆರ್ತಿರ್ತದೆ. ಕೈಲಿ ಹಿಡ್ಕೊಂಡ್ರೆ ಚುಚ್ತದೆ, ಮುಷ್ಟಿ ಕಟ್ಟುದ್ರೆ ಉಂಡೆ ನಿಲ್ಲಲ್ಲ. ಅದು ಹಸೀಗೆ ಸರಿ, ಕೋಳಿಗಲ್ಲ. ಹಸೀಗಾದ್ರೆ ನಾಕು ಪಾಲಿನ ಹೊಟ್ಟೆ, ಮೆಲುಕು ಹಾಕ್ತದೆ, ಹೊಟ್ಟು ಹುಲ್ಲು ಎಲ್ಲಾ ಕರಗುಸ್ಕೊಳ್ತದೆ. ಕೋಳಿಗೆ ಅದಿಲ್ಲ. ಒಳ್ಳೇ ತೌಡೂ ಅಷ್ಟೇ, ಅದ್ರಲ್ಲಿರೋ ರಂಜಕ ಬಹುಪಾಲು ಕೋಳಿಗೆ ದಕ್ಕಲ್ಲ. ಅದಕ್ಕೇ ಹತ್ತು ಕೇಜಿ ಮೇವಲ್ಲಿ ತೌಡು ಎರಡು ಕೇಜಿ ದಾಟಬಾರ್ದು ಅನ್ನೋದು. ತೌಡು ಸಿಕ್ತು ಅಂತ ತೌಡೇ ಹಾಕೋದಲ್ಲ.

ಕಡ್ಲೆಕಾಯಿ ಹಿಂಡೀಲಿ ನೂರಕ್ಕೆ ನಲ್ವತ್ತರ ಮೇಲೆ ಪ್ರೋಟೀನು ಅದೆ, ಆದ್ರೆ ಅದ್ರಲ್ಲಿ ಲೈಸಿನ್, ಮೆಥಿಯೊನಿನ್ ಅನ್ನೋ ಎರಡು ಕಮ್ಮಿ. ನಮ್ಗೆ ಬೇಳೆ ಅನ್ನ ಒಟ್ಟಿಗೆ ಉಣ್ಬೇಕು ಅಂತಾರಲ್ಲ, ಹಂಗೇನೆ, ಒಂದು ಹಿಂಡೀಲಿ ಇಲ್ದಿದ್ದು ಇನ್ನೊಂದರಲ್ಲಿ. ಎಳ್ಳಿಂಡೀಲಿ ಮೆಥಿಯೊನಿನ್ ಚೆನ್ನಾಗದೆ, ಅದನ್ನ ಬೆರ್ಸಿ. ಲೈಸಿನ್‌ಗೆ ನಮ್ಮ ಕಡೆ ಒಳ್ಳೇ ದಾರಿ ಅದೆ, ರೇಷ್ಮೆ. ರಾಮನಗರದ ಕಡೆ ನೂಲು ಬಿಚ್ಚೋರ ತಾವ ಗೂಡಿನೊಳಗಿನ ಹುಳ ಮಿಕ್ತದಲ್ಲ, ಒಣಗಿಸಿದ್ದರಲ್ಲಿ ಅರ್ಧದಷ್ಟು ಪ್ರೋಟೀನೇ. ನಾವು ಮೂಗು ಮುಚ್ಕೊಂಡು ಓಡ್ತೀವಿ. ನಿಜ, ಹಸಿ ಹುಳ ಒಂದೇ ದಿನಕ್ಕೆ ಗಬ್ಬು ನಾರ್ತದೆ. ಅವತ್ತವತ್ತೇ ಬಿಸ್ಲಲ್ಲಿ ತೆಳ್ಳಗೆ ಹರವಿ ಕಟಕಟ ಅನ್ನೋಗಂಟ ಒಣಗುಸ್ಬೇಕು. ಜಾಸ್ತಿ ಹಾಕುದ್ರೆ ಬಾಡು ಮೀನು ವಾಸ್ನೆ ಹೊಡೀತದೆ, ಅದಕ್ಕೆ ನಾನು ಕುಯ್ಯೋಕೆ ಹದಿನೈದು ದಿನ ಮೊದ್ಲೇ ಹುಳ ನಿಲ್ಲುಸ್ಬುಡ್ತೀನಿ.

ನಾನು ಈಗ ಹತ್ತು ಕೇಜಿಗೆ ಹಾಕೋದು ಹಿಂಗೆ: ಒಡೆದ ಜೋಳ, ರಾಗಿ, ನುಚ್ಚು ಮೂರೂ ಸೇರಿ ಐದೂವರೆ ಕೇಜಿ, ಹುರ್ದ ತೌಡು ಎರಡು, ಕಡ್ಲೆಕಾಯಿ ಹಿಂಡಿ ಎಳ್ಳಿಂಡಿ ಸೇರಿ ಒಂದೂವರೆ, ಒಣ ಹುಳ 600 ಗ್ರಾಂ, ಮಿಕ್ಕ 400 ಗ್ರಾಂ ಕೋಳಿಗೆ ಅಂತ ಸಿಗೋ ಖನಿಜದ ಪುಡಿ, ಕಪ್ಪೆಚಿಪ್ಪಿನ ಪುಡಿ. ಮೇಲೆ ನುಗ್ಗೆ ಸೊಪ್ಪು, ಹಿತ್ಲಲ್ಲಿ ಮೇಯ್ದದ್ದು ಅದ್ರ ಪಾಡು. ಹುಳದ ಬದ್ಲು ಒಣಮೀನು ಹಾಕೋರು ಉಪ್ಪು ನೋಡ್ಕೊಳ್ಳಿ, ಉಪ್ಪು ಜಾಸ್ತಿ ಆದ್ರೆ ಕೋಳಿ ನೀರು ಕುಡ್ದೂ ಕುಡ್ದೂ ಬೇಧಿ ಮಾಡ್ಕೊಳ್ತದೆ. ಇದು ಒಂದೂವರೆ ತಿಂಗಳು ದಾಟಿದ ಕೋಳಿಗೆ ಮಾತ್ರ. ಅದಕ್ಕೆ ಮೊದ್ಲು ಪಿಳ್ಳೆಗೆ ಚೀಲದ ಮೇವೇ ಹಾಕಿ, ಅಲ್ಲಿ ಕಾಸು ಉಳ್ಸಕ್ಕೆ ಹೋಗ್ಬೇಡಿ.

ಹಸು ಹಿಂಡಿ ಅದೆಯಲ್ಲ ಅಂತ ಹತ್ತಿಬೀಜದ ಹಿಂಡಿ ಕೋಳಿಗೆ ಹಾಕೋರು ಅವ್ರೆ. ಅದ್ರಲ್ಲಿ ಗಾಸಿಪಾಲ್ ಅನ್ನೋದು ಅದೆ, ಹಸು ತಡ್ಕೊಳ್ತದೆ, ಕೋಳಿಗೆ ಆಗಿಬರಲ್ಲ, ಮೊಟ್ಟೆ ಭಂಡಾರದ ಬಣ್ಣಾನೇ ಕೆಡ್ತದೆ. ಹಸು ಫೀಡಿನ ಚೀಲಾನೂ ಬೇಡ, ಕೆಲವುಕ್ಕೆ ಯೂರಿಯಾ ಬೆರ್ಸಿರ್ತಾರೆ. ಹೊಂಗೆ, ಬೇವು, ಹರಳು ಹಿಂಡಿ ಗದ್ದೆಗೇ ಹೋಗ್ಲಿ. ಹರಳಿಂಡೀಲಿ ವಿಷ ಅದೆ, ಕೋಳಿಗೆ ಹಾಕ್ಲೇಬೇಡಿ.

ಇನ್ನು ಮಡಗೋದು. ಮೂಟೆ ನೆಲದ ಮೇಲೆ ಮಡಗಬೇಡಿ, ನಾನು ಮಡಗಿ ಕೆಟ್ಟೆ. ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲಕ್ಕೆ ತಿಂಗಳಿಗೆ ಆಗೋಷ್ಟು ಮಾತ್ರ ತನ್ನಿ. ಗಾಣದಲ್ಲಿ ಹಿಂಡಿ ಮುರ್ದು ನೋಡಿ, ಟಕ್ ಅಂತ ಮುರೀಬೇಕು, ಮೂಗಿಗೆ ಎಣ್ಣೆ ವಾಸ್ನೆ ಬರ್ಬೇಕು. ಮುಗ್ಗಿದ್ರೆ ಅಗ್ಗ ಅಂದ್ರೂ ಬುಟ್ಟು ಬನ್ನಿ. ಮನೇಲಿ ಮುಗ್ಗುದ್ರೆ ಗುಂಡಿ ತೋಡಿ ಹೂಳಿ. ಹಸೀಗೂ ಹಾಕ್ಬೇಡಿ, ಅದ್ರ ವಿಷ ಹಾಲಿಗೆ ಇಳೀತದೆ. ಎಸೆಯೋವಾಗ ಹೊಟ್ಟೆ ಉರೀತದೆ, ಗೊತ್ತು. ನಂದು 30 ಕೇಜಿ ಎಸೆಯಕ್ಕೆ ಹೊಟ್ಟೆ ಉರೀತು, 53 ಕೋಳಿ ಹೂತೆ.

"ಇಷ್ಟೆಲ್ಲಾ ತಲೆನೋವು ಯಾಕೆ, ಫೀಡು ತಂದ್ರಾಯ್ತು" ಅಂತೀರಾ? ತನ್ನಿ. ಕೋಳಿ ಸಾಕೋ ಖರ್ಚಲ್ಲಿ ಮೂರರಲ್ಲಿ ಎರಡು ಪಾಲು ಮೇವೇ. ಆ ಎರಡು ಪಾಲು ಯಾರ ಕೈಲಿರ್ತದೋ ಕೋಳಿ ಅವ್ರುದ್ದು. ಮೈದ್ನನ ಶೆಡ್ಡಲ್ಲಿ ಐದು ಸಾವ್ರ ಕೋಳಿ ಅವೆ, ಬೀಗರು ಬಂದ್ರೆ ಒಂದನ್ನ ಕುಯ್ಯಂಗಿಲ್ಲ, ಲೆಕ್ಕ ಕೊಡ್ಬೇಕು. ಓರಗಿತ್ತಿ ನಮ್ಮನೆಗೆ ಬಂದು "ಅಕ್ಕ, ಒಂದು ಯಾಟೆ ಕೊಡಿ" ಅಂತಾಳೆ. ಐದು ಸಾವ್ರ ಕೋಳಿ ಮೇಯ್ಸೋಳು.

ಚಿಕ್ಕವ್ವ, ನೀವು ಓದ್ತಾ ಇದ್ರೆ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ರುಚಿ ನಂಗೆ ಬರಲ್ಲ, ಅದ್ರಲ್ಲಿ ನೀವೇ ಮೇಲು. ಆದ್ರೆ ಅಟ್ಟದ ಮೇಲಿರೋ ಆ ಮುಗ್ಗಿದ ಕಡ್ಲೆಕಾಯಿ ಚೀಲ ಬುಧ್ವಾರಕ್ಕೆ ಮೊದ್ಲು ತಿಪ್ಪೆಗಲ್ಲ, ಗುಂಡಿಗೆ ಹೋಗ್ಬೇಕು. ನಾನೇ ಬಂದು ತೋಡ್ತೀನಿ.

ಬುಧ್ವಾರ ನಮ್ಮ ಭತ್ತ ಮಿಲ್ಲಿಗೆ ಹೋಗ್ತದೆ, ಮೂರು ಕ್ವಿಂಟಾಲು. ಈ ಸಲ ನಾನೇ ಹೋಗ್ತಾ ಇದ್ದೀನಿ, ಕೂಲಿ ದುಡ್ಡು ಕೈಲೇ ಹಿಡ್ಕೊಂಡು. ಯಜಮಾನ್ರು ಮನೇಲಿರ್ತಾರೆ. ಆಟೋದಲ್ಲಿ ಇನ್ನೂ ನಾಕು ಮೂಟೆ ಹಿಡೀತವೆ, ಬರೋರು ಮಂಗ್ಳಾರ ಸಂಜೆಯೊಳಗೆ ಹೇಳಿ. ತೌಡಿಗೆ ಚೀಲ ನೀವೇ ತನ್ನಿ, ಒಣಗಿರೋದು.